ಅನುಮತಿ ಸಿಕ್ಕಿದೆ, ಸರಿ, ಯಾರಿಗಾಗಿ?

ನಮಸ್ಕಾರ. ನಾನು ಹುಬ್ಬಳ್ಳಿಯ ಒಂದು ದವಾಖಾನೆಯಲ್ಲಿ ಫಿಜಿಶಿಯನ್. ಅಲ್ಲಿನ ಔಷಧ ಸಮಿತಿಯಲ್ಲೂ ಒಬ್ಬ ಸದಸ್ಯ. ಮಾರುಕಟ್ಟೆಗೆ ಹೊಸದಾಗಿ ಬಂದ ಔಷಧವನ್ನು ನಮ್ಮ ಔಷಧಾಲಯದಲ್ಲಿ ಇಡಬೇಕೋ ಬೇಡವೋ ಎಂದು ತೀರ್ಮಾನಿಸುವುದು ಈ ಸಮಿತಿಯ ಕೆಲಸ. ಪ್ರತಿ ಸಭೆಯಲ್ಲೂ ಯಾರಾದರೊಬ್ಬರು ಹೇಳುವ ಮಾತೊಂದಿದೆ: "ಇದಕ್ಕೆ ಡಿಸಿಜಿಐ ಅನುಮತಿ ಸಿಕ್ಕಿದೆಯಲ್ಲ." ದೇಶದ ಔಷಧ ನಿಯಂತ್ರಕರೇ (ಡಿಸಿಜಿಐ) ಒಪ್ಪಿದ ಮೇಲೆ ಇನ್ನು ಚರ್ಚಿಸುವುದೇನೂ ಉಳಿದಿಲ್ಲ ಎಂಬ ನೆಮ್ಮದಿ ಆ ದನಿಯಲ್ಲಿರುತ್ತದೆ. ನನ್ನ ತಕರಾರು ಇರುವುದು ಆ ನೆಮ್ಮದಿಯ ಮೇಲೆ.

ಅನುಮತಿಯ ಅರ್ಥ ಬಹಳ ಸೀಮಿತವಾದದ್ದು. ಇಂಥ ಕಾಯಿಲೆಗೆ, ಇಷ್ಟು ಪ್ರಮಾಣದಲ್ಲಿ, ಪರೀಕ್ಷೆಗೆ ಒಳಪಟ್ಟಂಥ ಜನರಿಗೆ ಕೊಟ್ಟಾಗ ತೊಂದರೆಗಿಂತ ಪ್ರಯೋಜನ ಹೆಚ್ಚು ಎಂದು ಸಲ್ಲಿಸಿದ ದಾಖಲೆಗಳಿಂದ ತೋರುತ್ತದೆ ಎಂಬುದಷ್ಟೇ ಅದರ ಸಾರ. ಈಗಾಗಲೇ ಅಂಗಡಿಯಲ್ಲಿರುವ ಅಗ್ಗದ ಗುಳಿಗೆಗಿಂತ ಇದು ಮೇಲೋ ಎಂಬ ಪ್ರಶ್ನೆಗೆ ಅನೇಕ ಸಲ ಅಲ್ಲಿ ಉತ್ತರವಿರುವುದಿಲ್ಲ. ನಮ್ಮ ಕಾನೂನಿಗೂ ಇದು ಗೊತ್ತಿದೆ. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ ಸಾಮಾನ್ಯ ಔಷಧವೊಂದು ಅನುಮತಿ ಪಡೆದ ದಿನದಿಂದ 4 ವರ್ಷಗಳ ಕಾಲ 'ಹೊಸ ಔಷಧ'ವಾಗಿಯೇ ಇರುತ್ತದೆ. ತಯಾರಕರು ಮೊದಲ 2 ವರ್ಷ ಆರು ತಿಂಗಳಿಗೊಮ್ಮೆ, ಮುಂದಿನ 2 ವರ್ಷ ವರ್ಷಕ್ಕೊಮ್ಮೆ ಸುರಕ್ಷತೆಯ ವರದಿ ಒಪ್ಪಿಸಬೇಕು. ಲಸಿಕೆಗಳಂತೂ ಎಷ್ಟೇ ವರ್ಷ ಕಳೆದರೂ ಈ ನಿಯಮದ ಕಣ್ಣಿಗೆ ಹೊಸವೇ. ಅನುಮತಿ ಕೊಟ್ಟವರೇ ಇಷ್ಟು ದಿನ ಅನುಮಾನವನ್ನು ಕೈಬಿಡದೆ ಇರುವಾಗ, ಚೀಟಿ ಬರೆಯುವ ನಾವು ಮೊದಲ ವಾರದಲ್ಲೇ ನಿಶ್ಚಿಂತರಾಗುವುದು ನನಗೆ ವಿಚಿತ್ರವಾಗಿ ಕಾಣುತ್ತದೆ.

ಸಕ್ಕರೆ ಕಾಯಿಲೆಯ ಎರಡು ಗುಳಿಗೆಗಳ ಕಥೆ ಇದನ್ನು ಚೆನ್ನಾಗಿ ತೋರಿಸುತ್ತದೆ. ರೋಸಿಗ್ಲಿಟಾಜೋನ್‌ಗೆ ಅಮೆರಿಕದಲ್ಲಿ 1999ರಲ್ಲಿ ಅನುಮತಿ ಸಿಕ್ಕಿತು, ಎಂಪಾಗ್ಲಿಫ್ಲೋಜಿನ್‌ಗೆ 2014ರಲ್ಲಿ. ಎರಡಕ್ಕೂ ಮುಖ್ಯ ಆಧಾರ ಒಂದೇ: ಎಚ್‌ಬಿಎ1ಸಿ, ಅಂದರೆ ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ, ಇಳಿಯುತ್ತದೆ ಎಂಬುದು. ಆದರೆ ರೋಗಿ ನಮ್ಮ ಬಳಿ ಬರುವುದು ಲ್ಯಾಬ್ ರಿಪೋರ್ಟಿನ ಅಂಕಿ ಇಳಿಸಿಕೊಳ್ಳಲು ಅಲ್ಲವಲ್ಲ. ಹೃದಯ, ಕಿಡ್ನಿ, ಕಣ್ಣು, ಕಾಲು ಉಳಿಸಿಕೊಳ್ಳಲು. 2007ರಲ್ಲಿ ಹಲವು ಪರೀಕ್ಷೆಗಳ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದಾಗ ರೋಸಿಗ್ಲಿಟಾಜೋನ್ ಸೇವಿಸಿದವರಲ್ಲಿ ಹೃದಯಾಘಾತ ಹೆಚ್ಚಿದಂತೆ ಕಂಡಿತು. 2010ರಲ್ಲಿ ಭಾರತದಲ್ಲಿ ಅದರ ಮಾರಾಟ ನಿಂತಿತು. ಹೃದಯಾಘಾತದ ಆ ಆರೋಪ ಮುಂದೆ ಪೂರ್ತಿ ರುಜುವಾಗಲಿಲ್ಲ, ಅಮೆರಿಕ 2013ರಲ್ಲಿ ತನ್ನ ನಿರ್ಬಂಧವನ್ನು ಸಡಿಲಿಸಿತು. ಹೃದಯ ವೈಫಲ್ಯದ, ಅಂದರೆ ಹೃದಯ ಸಾಕಷ್ಟು ರಕ್ತ ತಳ್ಳಲಾಗದೆ ಸೋಲುವ, ಅಪಾಯ ಮಾತ್ರ ಉಳಿದುಕೊಂಡಿತು. ಅತ್ತ ಎಂಪಾಗ್ಲಿಫ್ಲೋಜಿನ್ ಹೃದ್ರೋಗಿಗಳ ಸಾವನ್ನೇ ಕಡಿಮೆ ಮಾಡುತ್ತದೆ ಎಂದು 2015ರಲ್ಲಿ ತಿಳಿಯಿತು. ಅನುಮತಿ ಸಿಕ್ಕ ದಿನ ಎರಡರ ಕೈಯಲ್ಲಿದ್ದ ಚೀಟಿ ಒಂದೇ ತೆರನಾದದ್ದು. ಯಾವುದು ಎತ್ತ ಹೋಗುತ್ತದೆ ಎಂದು ಅದನ್ನು ಓದಿ ಹೇಳಲು ಸಾಧ್ಯವಿರಲಿಲ್ಲ.

ಎಂಪಾಗ್ಲಿಫ್ಲೋಜಿನ್ ಒಳ್ಳೆಯ ಔಷಧ. ಅದರ ಅಂಕಿಗಳನ್ನು ಓದುವ ರೀತಿಯ ಬಗ್ಗೆ ಒಂದು ಮಾತು. "ಹೃದಯ ಸಂಬಂಧಿ ಸಾವಿನಲ್ಲಿ ಶೇ. 38 ಇಳಿಕೆ" ಎಂದು ಔಷಧ ಕಂಪನಿಯ ಮಿರುಗುವ ಕಾರ್ಡಿನಲ್ಲಿ ಅಚ್ಚಾಗಿ ಬರುತ್ತದೆ. ಸುಳ್ಳಲ್ಲ. 7,020 ಜನರ ಆ ಪರೀಕ್ಷೆಯಲ್ಲಿ ಸುಮಾರು ಮೂರು ವರ್ಷಗಳಲ್ಲಿ ಹುಸಿಗುಳಿಗೆ ಪಡೆದ ಪ್ರತಿ ನೂರು ಜನರಲ್ಲಿ 5.9 ಮಂದಿ, ಔಷಧ ಪಡೆದವರಲ್ಲಿ 3.7 ಮಂದಿ ಹೃದಯ ಸಂಬಂಧಿ ಕಾರಣದಿಂದ ತೀರಿಕೊಂಡರು. ವ್ಯತ್ಯಾಸ ನೂರಕ್ಕೆ 2.2. ಅಂದರೆ ಒಂದು ಸಾವು ತಪ್ಪಿಸಲು ಸುಮಾರು 45 ಜನ ಮೂರು ವರ್ಷ ಗುಳಿಗೆ ನುಂಗಬೇಕು. ವೈದ್ಯಶಾಸ್ತ್ರದಲ್ಲಿ ಇದು ದೊಡ್ಡ ಲಾಭವೇ. ಆದರೆ ಅದು ಬಂದದ್ದು ಮೊದಲೇ ಹೃದಯ ಅಥವಾ ರಕ್ತನಾಳದ ಕಾಯಿಲೆ ಇದ್ದವರಲ್ಲಿ. ನಿನ್ನೆ ಮೊನ್ನೆ ಶುಗರ್ ಪತ್ತೆಯಾದ ಮೂವತ್ತೈದರ ಗುಮಾಸ್ತನಿಗೆ ಅದೇ 38 ಅನ್ನು ಹೇಳಿ ಗುಳಿಗೆ ಬರೆದರೆ ಅದು ಲೆಕ್ಕದ ಮೋಸ. ಅಂದಹಾಗೆ, 2024ರ ಔಷಧ ಮಾರಾಟ ಸಂಹಿತೆಯಂತೆ ದೇಶದಲ್ಲಿ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಸಿಗುತ್ತಿರುವ ಔಷಧವನ್ನು 'ಹೊಸದು' ಎಂದು ಪ್ರಚಾರ ಮಾಡುವ ಹಾಗಿಲ್ಲ. ನನ್ನ ಮೇಜಿನ ಮೇಲಿರುವ ಕಾರ್ಡುಗಳಿಗೆ ಈ ಸುದ್ದಿ ಇನ್ನೂ ಮುಟ್ಟಿದಂತಿಲ್ಲ.

ಈಗ ಅಣ್ಣಿಗೇರಿ ಕಡೆಯ ಒಬ್ಬ ಹೆಣ್ಣುಮಗಳ ವಿಷಯ. ವಯಸ್ಸು ಐವತ್ತೆಂಟು, ಹಳೆಯ ಶುಗರ್, ಒಮ್ಮೆ ಹೃದಯಾಘಾತ ಆಗಿತ್ತು. ಪುಸ್ತಕದ ಪ್ರಕಾರ ಇದೇ ಗುಳಿಗೆಗೆ ಸರಿಯಾದ ರೋಗಿ; ಹಾಗಾಗಿ ನಾನೇ ಬರೆದೆ. ಏಪ್ರಿಲ್ ನಡುವಿನಲ್ಲಿ ಮಗ ಅವರನ್ನು ಎತ್ತಿಕೊಂಡು ಬಂದ. ಎರಡು ದಿನದಿಂದ ವಾಂತಿ, ನಾಲಿಗೆ ಒಣಗಿ ಹಲಗೆಯಾಗಿತ್ತು, ಏದುಸಿರು. ಸಕ್ಕರೆ ನೋಡಿದರೆ ಕೇವಲ 190. ಈ ವರ್ಗದ ಔಷಧ ಸಕ್ಕರೆಯನ್ನು ಮೂತ್ರದ ಮೂಲಕ ಹೊರಹಾಕುತ್ತದೆ, ಜೊತೆಗೆ ನೀರೂ ಹೋಗುತ್ತದೆ. ಊಟ ನೀರು ತಪ್ಪಿದರೆ ಸಕ್ಕರೆ ಅಷ್ಟೇನೂ ಏರದೆಯೇ ರಕ್ತದಲ್ಲಿ ಕೀಟೋನ್ ಆಮ್ಲ ತುಂಬಿಕೊಳ್ಳಬಹುದು. ಅವರಿಗೆ ಆದದ್ದು ಅದೇ. ಮೂರು ದಿನ ಐಸಿಯುನಲ್ಲಿದ್ದು ಚೇತರಿಸಿಕೊಂಡ ಮೇಲೆ ಕೇಳಿದೆ. ಉದ್ಯೋಗ ಖಾತ್ರಿಯಲ್ಲಿ ಕೆರೆ ಹೂಳೆತ್ತುವ ಕೆಲಸ, ಮೇಲೆ ಸೋಮವಾರದ ಉಪವಾಸ. "ನೀರ ಕುಡದ್ರ ಹೊರಗ ಹೋಗಾಕ ಜಾಗಾ ಇಲ್ರೀ ಸಾಹೇಬ್ರ, ಅದಕ್ಕ ಕುಡಿಯೂದನ ಬಿಟ್ಟಿದ್ನಿರಿ" ಎಂದರು. ಸುಡುಬಿಸಿಲಿನಲ್ಲಿ ಬುಟ್ಟಿ ಹೊತ್ತು, ಮರೆಯಾದ ಜಾಗವಿಲ್ಲದ ಕಾರಣಕ್ಕೆ ನೀರು ಬಿಟ್ಟವರ ಬಗ್ಗೆ ಯಾವ ಪರೀಕ್ಷೆಯ ವರದಿಯಲ್ಲೂ ಒಂದು ಸಾಲಿಲ್ಲ. ಉಪವಾಸದ ದಿನ, ವಾಂತಿಭೇದಿಯ ದಿನ ಗುಳಿಗೆ ನಿಲ್ಲಿಸಬೇಕೆಂಬ ಎಚ್ಚರಿಕೆ ಮಾತ್ರ ಎಲ್ಲ ಕಡೆ ಇದೆ. ಅದನ್ನು ಅವರಿಗೆ ಹೇಳದೆ ಬಿಟ್ಟವನು ನಾನು. ಅಂದೇ ದುಷ್ಪರಿಣಾಮದ ಫಾರ್ಮ್ ತುಂಬಿ ಕಳಿಸಿದೆ. 2010ರಲ್ಲಿ ಶುರುವಾದ ರಾಷ್ಟ್ರೀಯ ಔಷಧ ಜಾಗರೂಕತಾ ಕಾರ್ಯಕ್ರಮದ 1800-180-3024 ಎಂಬ ಉಚಿತ ಸಂಖ್ಯೆಗೆ ರೋಗಿಗಳೇ ಕರೆ ಮಾಡಿ ತಿಳಿಸಲೂಬಹುದು.

ಲಸಿಕೆಯ ಲೆಕ್ಕ ಇನ್ನೂ ಬಿಗಿಯಾಗಿರಬೇಕು, ಏಕೆಂದರೆ ಅದನ್ನು ಕೊಡುವುದು ಆಟವಾಡಿಕೊಂಡಿರುವ ಮಗುವಿಗೆ. ಸಾವಿರ ಜನರಲ್ಲಿ ಒಬ್ಬರಿಗೂ ಕಾಣದ ದುಷ್ಪರಿಣಾಮ ನಿಜದಲ್ಲಿ ಸಾವಿರಕ್ಕೆ ಮೂವರವರೆಗೂ ಇರಬಹುದು ಎಂಬುದು ಸಂಖ್ಯಾಶಾಸ್ತ್ರದ ಸರಳ ಸೂತ್ರ. ಅಮೆರಿಕದಲ್ಲಿ 1998ರಲ್ಲಿ ಬಂದ ಮೊದಲ ರೋಟಾ ವೈರಸ್ ಲಸಿಕೆಯನ್ನು ಮರುವರ್ಷವೇ ಹಿಂತೆಗೆದುಕೊಂಡರು. ಕರುಳಿನ ಒಂದು ಭಾಗ ಇನ್ನೊಂದರೊಳಗೆ ತೂರಿಕೊಳ್ಳುವ ತೊಂದರೆ ಸುಮಾರು ಹತ್ತು ಸಾವಿರ ಶಿಶುಗಳಲ್ಲಿ ಒಂದಕ್ಕೆ ಬರುತ್ತಿತ್ತು. ಅದಾದ ಮೇಲೆ ಬಂದ ಎರಡು ಲಸಿಕೆಗಳನ್ನು ತಲಾ ಅರವತ್ತು ಸಾವಿರಕ್ಕೂ ಹೆಚ್ಚು ಶಿಶುಗಳಲ್ಲಿ ಪರೀಕ್ಷಿಸಬೇಕಾಯಿತು. ನಮ್ಮ ದೇಶದ ರೋಟಾವ್ಯಾಕ್ ಅನ್ನು ದೆಹಲಿ, ಪುಣೆ, ವೆಲ್ಲೂರುಗಳ 6,799 ಶಿಶುಗಳಲ್ಲಿ ಪರೀಕ್ಷಿಸಿದರು. ರೋಟಾ ವೈರಸ್‌ನಿಂದ ಬರುವ ತೀವ್ರ ಭೇದಿಯನ್ನು ತಡೆಯುವ ಸಾಮರ್ಥ್ಯ ಸುಮಾರು ಶೇ. 55. ಇಷ್ಟು ಜನರಲ್ಲಿ ಅಪರೂಪದ ತೊಂದರೆ ಕಾಣದೇ ಹೋಗಬಹುದು. ಆದ್ದರಿಂದ 2016ರಲ್ಲಿ ಅದು ಸಾರ್ವತ್ರಿಕ ಲಸಿಕಾ ಕಾರ್ಯಕ್ರಮಕ್ಕೆ ಸೇರಿದ ಮೇಲಿನ ನಿಗಾವೂ ಪರೀಕ್ಷೆಯಷ್ಟೇ ಮುಖ್ಯವಾಗಿತ್ತು. ಶೇ. 55 ಎಂದರೆ ಮೂಗು ಮುರಿಯುವವರಿದ್ದಾರೆ. ಮಕ್ಕಳ ವಾರ್ಡಿನಲ್ಲಿ ಈ ಭೇದಿಯಿಂದ ಕಣ್ಣು ಒಳಸೇರಿದ ಕೂಸುಗಳ ಸಾಲನ್ನು ನೋಡಿದವರು, ಆ ಸಾಲಿನಲ್ಲಿ ಅರ್ಧ ತಗ್ಗಿದರೆ ಏನಾಗುತ್ತದೆ ಎಂದು ಬಲ್ಲರು.

ಇಷ್ಟೆಲ್ಲ ಹೇಳಿದೆನೆಂದು ಕಾಯುವುದೇ ಜಾಣತನ ಎಂದು ತಿಳಿಯಬೇಡಿ. ಕಾಯುವುದಕ್ಕೂ ಬೆಲೆಯಿದೆ. ಹೃದಯ ವೈಫಲ್ಯದ 4,744 ರೋಗಿಗಳಲ್ಲಿ, ಎಂಪಾಗ್ಲಿಫ್ಲೋಜಿನ್ ವರ್ಗದ್ದೇ ಆದ ಡಾಪಾಗ್ಲಿಫ್ಲೋಜಿನ್ ಪರೀಕ್ಷಿಸಿದ ಫಲಿತಾಂಶ 2019ರಲ್ಲಿ ಬಂತು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆಯೇ ಇರಲಿಲ್ಲ. ಕಾಯಿಲೆ ಉಲ್ಬಣಿಸುವುದು ಅಥವಾ ಹೃದಯದಿಂದ ಸಾವು ಸಂಭವಿಸುವುದು ನೂರಕ್ಕೆ 21.2ರಿಂದ 16.3ಕ್ಕೆ ಇಳಿದಿತ್ತು. ಇಲ್ಲಿ ಅಳೆದದ್ದು ರೋಗಿಗೆ ಬೇಕಾದದ್ದನ್ನೇ. ಆದರೂ ಸವಣೂರಿನ ಒಬ್ಬ ಹಿರಿಯರಿಗೆ, ಶುಗರ್ ಇಲ್ಲದವರಿಗೆ ಶುಗರ್ ಗುಳಿಗೆಯೇಕೆ ಎಂಬ ಹಳೆಯ ಅಭ್ಯಾಸದಿಂದ, ನಾನು ಒಂದು ವರ್ಷ ತಡಮಾಡಿದೆ. ಆ ವರ್ಷ ಅವರು ಮೂರು ಸಲ ಕಾಲು ಬಾತುಕೊಂಡು ದಾಖಲಾದರು. 2020ರ ಅಕ್ಟೋಬರ್‌ನಲ್ಲಿ ಪೇಟೆಂಟ್ ಮುಗಿದು ಗುಳಿಗೆಯ ಬೆಲೆ ಇಳಿದಿತ್ತು ಕೂಡ. ನನ್ನ ಬಳಿ ನೆಪವೂ ಉಳಿದಿರಲಿಲ್ಲ.

ಅಣ್ಣಿಗೇರಿಯ ಆ ಪ್ರಕರಣದ ನಂತರ ಹೊಸ ಔಷಧ ಕೋರುವ ನಮ್ಮ ಅರ್ಜಿಯಲ್ಲಿ ಒಂದು ಸಾಲು ಸೇರಿಸಿದ್ದೇವೆ: 'ಪರೀಕ್ಷೆಯಿಂದ ಯಾರನ್ನು ಹೊರಗಿಟ್ಟಿದ್ದರು?' ಸದ್ಯ ಮುಂದಿರುವುದು ತೂಕ ಇಳಿಸುವ ಸೆಮಾಗ್ಲುಟೈಡ್ ಚುಚ್ಚುಮದ್ದಿನ ಅರ್ಜಿ. 68 ವಾರಗಳಲ್ಲಿ ಸರಾಸರಿ ಶೇ. 14.9 ತೂಕ ಇಳಿಯಿತು ಎಂದು ಮೊದಲ ಪುಟದಲ್ಲೇ ಬರೆದಿದ್ದಾರೆ. ಆ ಪರೀಕ್ಷೆಯಲ್ಲಿ ಸಕ್ಕರೆ ಕಾಯಿಲೆಯವರನ್ನು ಸೇರಿಸಿರಲಿಲ್ಲ ಎಂಬುದಾಗಲಿ, ಚುಚ್ಚುಮದ್ದು ನಿಲ್ಲಿಸಿದ ವರ್ಷದೊಳಗೆ ಇಳಿದ ತೂಕದ ಮೂರರಲ್ಲಿ ಎರಡು ಪಾಲು ಮರಳಿ ಬಂತು ಎಂಬುದಾಗಲಿ ಅರ್ಜಿಯಲ್ಲಿ ಎಲ್ಲಿಯೂ ಇಲ್ಲ. ನಮ್ಮ ಸಾಲನ್ನು ಖಾಲಿ ಬಿಟ್ಟಿದ್ದಾರೆ. ತುಂಬಿ ತನ್ನಿ ಎಂದು ಶನಿವಾರ ವಾಪಸು ಕಳಿಸಿದೆವು.