ಬೇಬಿ ಬೆಟ್ಟ: ಟ್ರಯಲ್ ಬ್ಲಾಸ್ಟ್ ಕೂಡ ಬೇಡ ಅಂದಿದ್ದು ಯಾಕೆ?

[ದೃಶ್ಯ: ಅಡುಗೆಮನೆಯ ಸ್ಟ್ಯಾಂಡಿನಲ್ಲಿ ಸಾಲಾಗಿ ಸ್ಟೀಲ್ ತಟ್ಟೆಗಳು. ದೂರದಲ್ಲಿ ‘ಧಡ್’. ತಟ್ಟೆಗಳು ಗಲಗಲ ಅನ್ನುತ್ತವೆ.]

ಈ ಸದ್ದು ಕೇಳಿಸ್ತಾ? ಮೊದಲು ಬಂದ ‘ಧಡ್’ ಅಲ್ಲ, ಆಮೇಲೆ ತಟ್ಟೆ ಅಲುಗಿದ ಸದ್ದು. ಕಲ್ಲು ಕ್ವಾರಿ ಪಕ್ಕ ಮನೆ ಇರುವವರ ಭಯ ಇರುವುದು ಈ ಎರಡನೇ ಸದ್ದಿನಲ್ಲಿ.

ನಮಸ್ಕಾರ. ಇವತ್ತು ಮಂಡ್ಯ ಜಿಲ್ಲೆ ಪಾಂಡವಪುರ ತಾಲ್ಲೂಕಿನ ಬೇಬಿ ಬೆಟ್ಟಕ್ಕೆ ಹೋಗೋಣ. ಹೆಸರು ಕೇಳಿ ನಗಬೇಡಿ, ಪಕ್ಕದ ಊರಿನ ಹೆಸರೇ ಬೇಬಿ. ದನಗಳ ಜಾತ್ರೆಗೆ ಹೆಸರಾದ ಜಾಗ. ಇಲ್ಲಿ ನಿಂತಿದ್ದ ಕಲ್ಲು ಗಣಿಗಾರಿಕೆಯನ್ನು ಮತ್ತೆ ಶುರು ಮಾಡಬೇಕು ಅನ್ನುವ ಮಾತು ಬಂತು. ಸರ್ಕಾರದ ಕಡೆಯವರು ಹೇಳಿದ್ದು ಇಷ್ಟು: ಮೊದಲು ವಿಜ್ಞಾನಿಗಳನ್ನು ಕರೆಸಿ ಟ್ರಯಲ್ ಬ್ಲಾಸ್ಟ್, ಅಂದರೆ ಪರೀಕ್ಷೆಗಾಗಿ ಒಂದು ಸ್ಫೋಟ ಮಾಡಿಸೋಣ, ಅಪಾಯ ಇದೆಯೋ ಇಲ್ಲವೋ ಅಳೆಯೋಣ.

ಕೇಳೋಕೆ ಸರಿಯಾಗೇ ಇದೆ, ಅಲ್ವಾ? ಆದರೆ 2022ರ ಜುಲೈನಲ್ಲಿ ರೈತರು ‘ಗೋ ಬ್ಯಾಕ್’ ಅಂದರು. ಪರೀಕ್ಷೆ ನಿಂತಿತು. 2024ರ ಜುಲೈನಲ್ಲಿ ಮತ್ತೆ ಪ್ರಯತ್ನ ನಡೆಯಿತು, ಮತ್ತೆ ವಿರೋಧ ಬಂತು. ಪರೀಕ್ಷೆ ಮಾಡೋದಕ್ಕೇ ಬೇಡ ಅಂದರೆ ಹೇಗೆ ಅಂತ ತುಂಬಾ ಜನ ಕೇಳಿದರು. ಅದಕ್ಕೆ ಉತ್ತರ ಬೇಕಾದರೆ ಬಂಡೆ ಹೇಗೆ ಒಡೆಯುತ್ತಾರೆ ಅಂತ ಗೊತ್ತಿರಬೇಕು.

[ದೃಶ್ಯ: ಬಂಡೆಗೆ ಕುಳಿ ಹೊಡೆಯುವ ಚಿತ್ರ.]

ಕಂಪ್ರೆಸರ್ ಹಾಕಿ ಬಂಡೆಗೆ ಸಾಲಾಗಿ ಕುಳಿ ಹೊಡೆಯುತ್ತಾರೆ. ಒಳಗೆ ಜಿಲೆಟಿನ್ ಮತ್ತಿತರ ಸಿಡಿಮದ್ದು ತುಂಬಿ, ಬಾಯಿ ಮುಚ್ಚಿ, ಸಿಡಿಸುತ್ತಾರೆ. ಮದ್ದಿನ ಶಕ್ತಿಯಲ್ಲಿ ಕಲ್ಲು ಒಡೆಯಲು ಬಳಕೆಯಾಗುವುದು ಒಂದು ಪಾಲು ಮಾತ್ರ. ಉಳಿದದ್ದು ಸದ್ದಾಗಿ, ಹಾರುವ ಕಲ್ಲಾಗಿ, ನೆಲದೊಳಗೆ ಓಡುವ ಅಲೆಯಾಗಿ ಹೋಗುತ್ತದೆ. ಆ ಅಲೆ ಬಂದು ಮುಟ್ಟುವುದು ನಿಮ್ಮ ಮನೆಯ ಪಾಯವನ್ನು.

ಅಲೆಯ ಬಿರುಸನ್ನು ಹೀಗೆ ಅಳೆಯುತ್ತಾರೆ: ನೆಲ ಸೆಕೆಂಡಿಗೆ ಎಷ್ಟು ಮಿಲಿಮೀಟರ್ ವೇಗದಲ್ಲಿ ಅಲುಗಿತು? ಗಣಿ ಸುರಕ್ಷತೆಯ ಮಹಾನಿರ್ದೇಶನಾಲಯ 1997ರಲ್ಲೇ ಮಿತಿ ಹಾಕಿದೆ. ಊರವರ ಮನೆಗಳಿಗೆ, ಕಂಪನ ನಿಧಾನಗತಿಯದಾದರೆ, ಅಂದರೆ ಸೆಕೆಂಡಿಗೆ 8 ಸಲಕ್ಕಿಂತ ಕಡಿಮೆ ಇದ್ದರೆ, ಆ ವೇಗ ಸೆಕೆಂಡಿಗೆ 5 ಮಿಲಿಮೀಟರ್ ಮೀರಬಾರದು. 25 ಸಲಕ್ಕಿಂತ ಜಾಸ್ತಿ ಇದ್ದರೆ 15ರವರೆಗೆ ಸರಿ. ನಿಧಾನದ ಕಂಪನಕ್ಕೇ ಯಾಕೆ ಬಿಗಿ? ಮನೆ ತಾನಾಗೇ ತೂಗುವ ಲಯ ಅದಕ್ಕೆ ಹತ್ತಿರ. ಉಯ್ಯಾಲೆಯನ್ನು ಅದರ ಲಯಕ್ಕೆ ಸರಿಯಾಗಿ ತಳ್ಳಿದ ಹಾಗೆ.

ಈಗ ಮುಖ್ಯ ವಿಷಯ. ಒಂದೇ ಗಳಿಗೆಯಲ್ಲಿ ಎಷ್ಟು ಕಿಲೋ ಮದ್ದು ಸಿಡಿಯಿತು ಅನ್ನುವುದರ ಮೇಲೆ ನೆಲದ ಅದುರು ನಿಂತಿದೆ. ಕುಳಿಗಳನ್ನು ಕಣ್ಣು ಮಿಟುಕಿಸುವುದಕ್ಕೂ ಕಡಿಮೆ ಅಂತರ ಬಿಟ್ಟು ಒಂದೊಂದಾಗಿ ಸಿಡಿಸಿದರೆ ಅದುರು ಕಡಿಮೆ. ಎಲ್ಲವನ್ನೂ ಒಟ್ಟಿಗೆ ಹಾರಿಸಿದರೆ ಜಾಸ್ತಿ. ಅದೇ ಬೆಟ್ಟ, ಅದೇ ಮನೆ, ಆದರೆ ಅದುರು ಬೇರೆ.

ಹಾಗಾಗಿ ಅಳತೆ ಮಾಡಿ ಮದ್ದು ತುಂಬಿ, ವಿಜ್ಞಾನಿಗಳು ಪಕ್ಕದಲ್ಲೇ ನಿಂತು ಮಾಡುವ ಸ್ಫೋಟ ಪಾಸ್ ಆಗಬಹುದು. ಪೊಲೀಸ್ ನಿಂತಿರುವ ಸರ್ಕಲ್ಲಿನಲ್ಲಿ ಎಲ್ಲರ ತಲೆ ಮೇಲೂ ಹೆಲ್ಮೆಟ್ ಇರುತ್ತೆ! ಆಮೇಲೆ ದಿನಾ ಸಿಡಿಸುವಾಗ ಎಷ್ಟು ತುಂಬುತ್ತಾರೆ ಅಂತ ನೋಡೋರು ಯಾರು? ಪರೀಕ್ಷೆಗೇ ಬೇಡ ಅನ್ನುವ ಮಾತಿನ ಹಿಂದೆ ಇರೋದು ಈ ಅನುಮಾನ.

ಅನುಮಾನ ಸುಮ್ನೆ ಬಂದದ್ದಲ್ಲ. 2021ರ ಜನವರಿ 21ರ ರಾತ್ರಿ ಶಿವಮೊಗ್ಗದ ಹುಣಸೋಡಿನಲ್ಲಿ ಕ್ವಾರಿಗೆ ತಂದಿದ್ದ ಸಿಡಿಮದ್ದು ಸ್ಫೋಟಿಸಿತು. ಪಕ್ಕದ ಜಿಲ್ಲೆಗಳಲ್ಲೂ ಜನ ಭೂಕಂಪ ಅಂದುಕೊಂಡು ಮನೆಯಿಂದ ಹೊರಗೆ ಓಡಿ ಬಂದರು. ಒಂದು ತಿಂಗಳು ಕಳೆದಿತ್ತಷ್ಟೆ, ಚಿಕ್ಕಬಳ್ಳಾಪುರ ಜಿಲ್ಲೆಯ ಹಿರೇನಾಗವಲ್ಲಿಯಲ್ಲಿ ಬಚ್ಚಿಟ್ಟಿದ್ದ ಜಿಲೆಟಿನ್ ಸಾಗಿಸಲು ಹೋಗಿ 6 ಜನ ಸತ್ತರು.

ಬೇಬಿ ಬೆಟ್ಟದ ವಿಷಯದಲ್ಲಿ ಇನ್ನೊಂದು ತೂಕವಿದೆ: ಸುಮಾರು 10 ಕಿಲೋಮೀಟರ್ ಆಚೆ ಕೆಆರ್‌ಎಸ್ ಇದೆ. ಕಟ್ಟಲು ಶುರು ಮಾಡಿದ್ದು 1911ರಲ್ಲಿ. ಸಿಮೆಂಟ್ ಅಲ್ಲ, ಸುರ್ಕಿ ಗಾರೆಯಲ್ಲಿ ಕಲ್ಲು ಕೂರಿಸಿದ ಕಟ್ಟೆ. ಸುರ್ಕಿ ಗಾರೆ ಅಂದರೆ ಸುಟ್ಟ ಇಟ್ಟಿಗೆ ಪುಡಿ ಮತ್ತು ಸುಣ್ಣ. 2018ರ ಸೆಪ್ಟೆಂಬರಿನಲ್ಲಿ ಆ ಭಾಗದಲ್ಲಿ ಭಾರಿ ಸದ್ದು ಕೇಳಿಸಿದಾಗ ರಾಜ್ಯದ ವಿಕೋಪ ಉಸ್ತುವಾರಿ ಕೇಂದ್ರ ಕ್ವಾರಿ ಸ್ಫೋಟಗಳ ಕಡೆ ಬೆರಳು ತೋರಿಸಿತು. 2024ರ ಜನವರಿಯಲ್ಲಿ ಹೈಕೋರ್ಟ್, ಅಣೆಕಟ್ಟಿನ ಸುರಕ್ಷತೆಯ ಅಧ್ಯಯನ ಆಗುವವರೆಗೆ ಕೆಆರ್‌ಎಸ್ ಸುತ್ತ 20 ಕಿಲೋಮೀಟರ್ ಗಣಿಗಾರಿಕೆ ನಿಲ್ಲಿಸಿ ಅಂದಿತು.

ಇನ್ನೊಂದು ಕಡೆಯವರ ಮಾತೂ ಇದೆ. ಕ್ರಷರ್, ಟಿಪ್ಪರ್ ನಂಬಿಕೊಂಡು ಹೊಟ್ಟೆ ಹೊರೆಯುವವರು ಇವೇ ಊರುಗಳಲ್ಲಿದ್ದಾರೆ. ನಮ್ಮ ನಿಮ್ಮ ಮನೆಯ ಜಲ್ಲಿ, ಎಂ-ಸ್ಯಾಂಡ್ ಕೂಡ ಯಾವುದೋ ಊರಿನ ಬೆಟ್ಟವೇ.

ನನ್ನ ಮಟ್ಟಿಗೆ, ಒಂದು ದಿನದ ಟ್ರಯಲ್‌ಗಿಂತ ಊರಲ್ಲೇ ಕಾಯಂ ಆಗಿ ಕೂರಿಸಿದ ಕಂಪನ ಮಾಪಕ ವಾಸಿ. ಪ್ರತಿ ಸ್ಫೋಟದ ಅಂಕಿ ಅದೇ ದಿನ ಪಂಚಾಯಿತಿ ಬೋರ್ಡಿನಲ್ಲಿ ಬರಲಿ.

[ದೃಶ್ಯ: ಸುಣ್ಣ ಬಳಿದ ಗೋಡೆ, ಓರೆಯಾಗಿ ಒಂದು ಬಿರುಕು.]

ನಿಮ್ಮ ಊರಲ್ಲೂ ಮುಚ್ಚಿದ ಕ್ವಾರಿ ತೆರೆಯುವ ಮಾತು ಎದ್ದಿದ್ದರೆ, ಒಂದು ಕೆಲಸ ಇವತ್ತೇ ಮಾಡಿ. ನಾಳೆ ಬಿರುಕು ತೋರಿಸಿದರೆ ‘ಅದು ಹಳೇದು, ನಿಮ್ಮ ಪಾಯವೇ ಸರಿ ಇಲ್ಲ’ ಅನ್ನುತ್ತಾರೆ. ಎಷ್ಟೋ ಸಲ ಅದು ನಿಜವೂ ಹೌದು. ಎರೆ ಮಣ್ಣು ಹಿಗ್ಗಿ ಕುಗ್ಗಿದರೂ ಗೋಡೆ ಬಿರಿಯುತ್ತದೆ. ಅದಕ್ಕೇ ಎಂಜಿನಿಯರುಗಳ ಒಂದು ಹಳೆಯ ಉಪಾಯ: ತೆಳ್ಳಗಿನ ಗಾಜಿನ ಪಟ್ಟಿಯನ್ನು ಬಿರುಕಿಗೆ ಅಡ್ಡವಾಗಿಟ್ಟು, ಎರಡೂ ತುದಿಯನ್ನು ಗೋಡೆಗೆ ಮೆತ್ತಿ ಬಿಗಿ ಮಾಡಿ. ಪಕ್ಕದಲ್ಲಿ ತಾರೀಕು ಬರೆದು ಫೋಟೊ ತೆಗೆಯಿರಿ. ಗೋಡೆ ಕೂದಲೆಳೆಯಷ್ಟು ಸರಿದರೂ ಗಾಜು ತಡೆಯೋದಿಲ್ಲ.

[ದೃಶ್ಯ: ಗಾಜಿನ ಪಟ್ಟಿ, ಪಕ್ಕದಲ್ಲಿ ಪೆನ್ಸಿಲಿನ ತಾರೀಕು. ‘ಧಡ್’. ಒಂದು ಸಣ್ಣ ‘ಟಿಕ್’.]