ಆಮ್‌ಸ್ಟರ್‌ಡ್ಯಾಮ್: ಅಟ್ಟದ ಮೇಲೊಂದು ಚರ್ಚ್

[ದೃಶ್ಯ: ಕಾಲುವೆ ದಂಡೆ, ಇಟ್ಟಿಗೆ ಮನೆಗಳ ಸಾಲು]

ನಮಸ್ಕಾರ. ಈ ಮನೆಗಳನ್ನು ಒಂದ್ಸಲ ಸರಿಯಾಗಿ ನೋಡಿ. ಇಲ್ಲಿ ಒಂದು ಚರ್ಚ್ ಇದೆ. ಗೋಪುರ ಹುಡುಕಬೇಡಿ, ಸಿಗುವುದಿಲ್ಲ. ಗಂಟೆಯೂ ಇಲ್ಲ. ಒಬ್ಬ ವ್ಯಾಪಾರಿಯ ಮನೆಯ ಅಟ್ಟದಲ್ಲಿದೆ ಅದು.

ದೇವರ ಮನೆ ಅಟ್ಟಕ್ಕೆ ಯಾಕೆ ಹೋಯಿತು? ಅದು ಗೊತ್ತಾಗಬೇಕಾದರೆ ಮೊದಲು ಸ್ವಲ್ಪ ದೂರ ನಡೆಯೋಣ.

[ದೃಶ್ಯ: ಔದೆ ಕೆರ್ಕ್ ಒಳಗೆ, ಮರದ ಚಾವಣಿ, ನೆಲದ ಗೋರಿಕಲ್ಲುಗಳು]

ಇದು ಔದೆ ಕೆರ್ಕ್, ಅಂದರೆ 'ಹಳೇ ಚರ್ಚ್'. ಈ ಊರಿನ ಅತ್ಯಂತ ಹಳೆಯ ಕಟ್ಟಡ. 1306ರಲ್ಲಿ ಇದನ್ನು ನಾವಿಕರನ್ನು ಕಾಯುವ ಸಂತ ನಿಕೋಲಾಸರ ಹೆಸರಿನಲ್ಲಿ ಪ್ರತಿಷ್ಠೆ ಮಾಡಿದರು. ಚಿತ್ರಕಾರ ರೆಂಬ್ರಾಂಟ್‌ನ ಹೆಂಡತಿ ಸಾಸ್ಕಿಯಾಳನ್ನು 1642ರಲ್ಲಿ ಮಣ್ಣು ಮಾಡಿದ್ದು ಇಲ್ಲೇ. ಕಾಲಿಟ್ಟಲ್ಲೆಲ್ಲ ಗೋರಿಗಳು, ನೋಡಿಕೊಂಡು ನಡೆಯಿರಿ.

270 ವರ್ಷ ಇದು ಕ್ಯಾಥೊಲಿಕರ ಚರ್ಚ್. 1578ರ ಮೇ 26ರಂದು ಪ್ರೊಟೆಸ್ಟೆಂಟರು, ಅಂದರೆ ಪೋಪರ ಅಧಿಕಾರ ಒಪ್ಪದ ಕ್ರೈಸ್ತರು, ನಗರದ ಆಡಳಿತ ಹಿಡಿದರು. ಚರ್ಚುಗಳು ಅವರ ಕೈಗೆ ಹೋದವು. ಕ್ಯಾಥೊಲಿಕರು ಎಲ್ಲರಿಗೂ ಕಾಣುವಂತೆ ಬಲಿಪೂಜೆ, ಅಂದರೆ ಚರ್ಚಿನ ಮುಖ್ಯ ಆರಾಧನೆ 'ಮಾಸ್', ಮಾಡುವಂತಿಲ್ಲ ಎಂದಾಯಿತು.

ಮನೆಯೊಳಗೆ ಮಾಡಿಕೊಂಡರೆ? ಅಧಿಕಾರಿಗಳು ಕಂಡೂ ಕಾಣದ ಹಾಗೆ ಇರುತ್ತಿದ್ದರು. ಸುಮ್ನೆ ಬಿಡುತ್ತಿರಲಿಲ್ಲ, ಅದಕ್ಕೆ ಹಣ ತೆಗೆದುಕೊಳ್ಳುತ್ತಿದ್ದರು. ಎಲ್ಲ ಧರ್ಮಕ್ಕೂ ಜಾಗ ಕೊಟ್ಟ ಊರು ಅಂತ ಆಮ್‌ಸ್ಟರ್‌ಡ್ಯಾಮ್‌ಗೆ ಹೆಸರಿದೆ, ಅಲ್ವಾ? ಆ ಕಾಲದ ಯುರೋಪಿನಲ್ಲಿ ಅದು ದೊಡ್ಡ ಮಾತೇ. ಆದರೆ ಆ ಜಾಗ ಎಷ್ಟು ಇಕ್ಕಟ್ಟಿನದು ಅಂತ ಈಗ ಹತ್ತುವ ಮೆಟ್ಟಿಲು ಹೇಳುತ್ತದೆ.

[ದೃಶ್ಯ: ಕಿರಿದಾದ ಮರದ ಮೆಟ್ಟಿಲು, ಕ್ಯಾಮೆರಾ ಮೇಲೇರುತ್ತದೆ]

1661ರಲ್ಲಿ ಯಾನ್ ಹಾರ್ಟ್‌ಮನ್ ಎಂಬ ಕ್ಯಾಥೊಲಿಕ್ ವ್ಯಾಪಾರಿ ಕಾಲುವೆ ಕಡೆಯ ಒಂದು ಮನೆ, ಅದರ ಹಿಂದೆ ಓಣಿಯಲ್ಲಿದ್ದ ಎರಡು ಮನೆ ಕೊಂಡುಕೊಂಡ. ಮೂರೂ ಮನೆಗಳ ಮೇಲಿನ ಮಹಡಿಗಳನ್ನು ಸೇರಿಸಿ ಒಂದು ಮಾಡಿಸಿದ. 1663ಕ್ಕೆ ಚರ್ಚ್ ಸಿದ್ಧವಾಯಿತು. ಕೆಳಗೆ ಸಂಸಾರ, ಮೇಲೆ ದೇವರು.

ಮೆಟ್ಟಿಲು ತುಂಬಾ ಕಡಿದು. ಮಂಡಿನೋವು ಇರುವವರು ಯೋಚಿಸಿ ಹತ್ತಿ. ನಡುವೆ ಗೂಡಿನಷ್ಟು ಚಿಕ್ಕದೊಂದು ಕೋಣೆ ಸಿಗುತ್ತದೆ, ಪಾದ್ರಿಯೊಬ್ಬರು ಮಲಗುತ್ತಿದ್ದ ಜಾಗ. ಇನ್ನೂ ಹತ್ತಿ.

[ದೃಶ್ಯ: ಚರ್ಚ್ ಪೂರ್ತಿ ಕಾಣುತ್ತದೆ. ಐದು ಸೆಕೆಂಡ್ ಮೌನ]

ಇಲ್ಲಿ ನಾನು ಮಾತಾಡುವುದಿಲ್ಲ, ನೀವೇ ನೋಡಿ.

ತಲೆ ಎತ್ತಿ. ನಡುವಿನ ನೆಲ ಕೊಯ್ದು ತೆಗೆದು, ಅಂಚನ್ನು ಮಾತ್ರ ಬಾಲ್ಕನಿಯಾಗಿ ಉಳಿಸಿದ್ದಾರೆ. ಅವು ಕುಸಿಯದ ಹಾಗೆ ಕಬ್ಬಿಣದ ಸಲಾಕೆ ಬಿಗಿದಿದ್ದಾರೆ. ಸುಮಾರು 150 ಜನ ಕೂರಬಹುದು. ಬಲಿಪೀಠದ ಪಕ್ಕದ ಕಂಬ ನೋಡಿ. ಅಮೃತಶಿಲೆ ಅಂದುಕೊಂಡಿರಾ? ಮರ, ಅದರ ಮೇಲೆ ಬಣ್ಣ. ಅದರ ಬುಡದಲ್ಲಿ ಪ್ರವಚನ ಪೀಠ ಮಡಚಿಟ್ಟಿದೆ! ಬೇಕಾದಾಗ ಹೊರಗೆ ತೆಗೆಯುವುದು, ಮುಗಿದ ಮೇಲೆ ಒಳಗೆ ತಳ್ಳುವುದು. ಒಂದೊಂದು ಗೇಣು ಜಾಗವನ್ನೂ ಲೆಕ್ಕ ಹಾಕಿ ಕಟ್ಟಿದ್ದಾರೆ. ಯುರೋಪಿನ ದೊಡ್ಡ ದೊಡ್ಡ ಕೆಥೆಡ್ರಲ್‌ಗಳಿಗಿಂತ ನನಗೆ ಈ ಅಟ್ಟವೇ ಜಾಸ್ತಿ ಇಷ್ಟ. ಕದ್ದುಮುಚ್ಚಿ ಮಾಡಿದ್ದು ಅಂತ ಯಾವುದನ್ನೂ ಒರಟಾಗಿ ಬಿಟ್ಟಿಲ್ಲ, ಅಷ್ಟು ಪ್ರೀತಿಯಿಂದ ಮಾಡಿದ್ದಾರೆ.

[ದೃಶ್ಯ: ಬೆಗೈನ್‌ಹೋಫ್ ಅಂಗಳ, ಹುಲ್ಲು, ಸುತ್ತ ಮನೆಗಳು]

ಊರ ನಡುವೆ, ಅಂಗಡಿ ಬೀದಿಯ ಪಕ್ಕದಲ್ಲೇ ಈ ಅಂಗಳವಿದೆ. ಇಲ್ಲಿದ್ದವರು ಬೆಗೈನ್ ಎಂಬ ಕ್ಯಾಥೊಲಿಕ್ ಹೆಣ್ಣುಮಕ್ಕಳು. ಪ್ರಾರ್ಥನೆ, ಸೇವೆಯ ಬದುಕು. ಆದರೆ ಸನ್ಯಾಸಿನಿಯರಲ್ಲ, ಬೇಕೆಂದರೆ ಹೊರಟು ಮದುವೆಯಾಗಬಹುದಿತ್ತು. ಮನೆಗಳು ಅವರ ಸ್ವಂತದ್ದಾಗಿದ್ದರಿಂದ 1578ರಲ್ಲೂ ಅವರನ್ನು ಒಕ್ಕಲೆಬ್ಬಿಸಲು ಆಗಲಿಲ್ಲ. ಅಂಗಳದ ಚರ್ಚ್ ಮಾತ್ರ ಹೋಯಿತು. 1607ರಲ್ಲಿ ಅದನ್ನು ಇಂಗ್ಲಿಷ್ ಮಾತಾಡುವ ಪ್ರೊಟೆಸ್ಟೆಂಟರಿಗೆ ಕೊಟ್ಟರು. ದಿನಾ ಬಾಗಿಲು ತೆಗೆದರೆ ಎದುರಿಗೆ ತಮ್ಮದಲ್ಲದ ತಮ್ಮ ಚರ್ಚ್. ಆಮೇಲೆ, 1671ರಲ್ಲಿ, ಅದರ ಎದುರಿಗೇ ಎರಡು ಮನೆ ಸೇರಿಸಿ ಚಾಪೆಲ್, ಅಂದರೆ ಚಿಕ್ಕ ಚರ್ಚ್, ಕಟ್ಟಿಕೊಂಡರು. ಹೊರಗೆ ಮನೆಯ ಹಾಗೇ ಕಾಣಬೇಕು ಅನ್ನುವ ಷರತ್ತು ಇಲ್ಲೂ ಇತ್ತು.

ಕೊನೆಯ ಬೆಗೈನ್ ತೀರಿಕೊಂಡಿದ್ದು 1971ರಲ್ಲಿ. ಇವತ್ತಿಗೂ ಈ ಮನೆಗಳಲ್ಲಿ ಹೆಂಗಸರೇ ವಾಸ ಮಾಡುತ್ತಾರೆ. ದಯವಿಟ್ಟು ಮೆಲ್ಲಗೆ ಮಾತಾಡಿ, ಕಿಟಕಿಯೊಳಗೆ ಇಣುಕಬೇಡಿ.

[ದೃಶ್ಯ: ಪೋರ್ಚುಗೀಸ್ ಸಿನಗಾಗ್, ಮೇಣದಬತ್ತಿಗಳು]

ಅದೇ 1671ರಲ್ಲಿ ಇನ್ನೊಂದು ಕಟ್ಟಡದ ಕೆಲಸ ಶುರುವಾಯಿತು. ಸ್ಪೇನ್, ಪೋರ್ಚುಗಲ್‌ನ ಕಿರುಕುಳದಿಂದ ಪಾರಾಗಿ ಬಂದ ಯಹೂದಿಗಳು 1675ರಲ್ಲಿ ಈ ದೊಡ್ಡ ಸಿನಗಾಗ್, ಅಂದರೆ ತಮ್ಮ ಪ್ರಾರ್ಥನಾ ಮಂದಿರ, ಕಟ್ಟಿ ಮುಗಿಸಿದರು. ಎಲ್ಲರ ಕಣ್ಣಿಗೆ ಬೀಳುವ ಹಾಗೆಯೇ. ಕ್ಯಾಥೊಲಿಕರಿಗೆ ಸಿಗದಿದ್ದದ್ದು ಇವರಿಗೆ ಸಿಕ್ಕಿತ್ತು. ಈ ಹಾಲ್‌ಗೆ ಈಗಲೂ ವಿದ್ಯುತ್ ದೀಪವಿಲ್ಲ, ಸುಮಾರು 1,000 ಮೇಣದಬತ್ತಿಗಳೇ ಬೆಳಕು. ಮರದ ನೆಲದ ಮೇಲೆ ಮರಳು ಹರಡಿರುತ್ತಾರೆ. ಶೂ ತಂದ ಕೆಸರನ್ನು ಅದು ಹೀರುತ್ತದೆ, ಹೆಜ್ಜೆಯ ಸದ್ದನ್ನೂ ಅಡಗಿಸುತ್ತದೆ.

[ದೃಶ್ಯ: ಸೆಂಟ್ರಲ್ ರೈಲು ನಿಲ್ದಾಣದ ಎದುರು, ಗುಮ್ಮಟ, ಜೋಡಿ ಗೋಪುರ]

ವಾಪಸ್ ರೈಲು ಹಿಡಿಯುವ ಮುಂಚೆ ನಿಲ್ದಾಣದ ಎದುರು ಒಂದು ನಿಮಿಷ ನಿಲ್ಲಿ. ಆ ಗುಮ್ಮಟ, ಆ ಎರಡು ಗೋಪುರ ಸಂತ ನಿಕೋಲಾಸ್ ಚರ್ಚಿನವು. ಹಳೇ ಚರ್ಚಿಗೆ ಇದ್ದ ಅದೇ ಸಂತರ ಹೆಸರು. 1887ರಲ್ಲಿ ಇದು ಸಿದ್ಧವಾದಾಗ, 200 ವರ್ಷಕ್ಕೂ ಜಾಸ್ತಿ ಅಟ್ಟ ಹತ್ತಿದ್ದ ಜನ ಕೆಳಗಿಳಿದು ಇಲ್ಲಿಗೆ ಬಂದರು. ಮರುವರ್ಷ ಆ ಅಟ್ಟ ಮ್ಯೂಸಿಯಂ ಆಯಿತು. ಅದರ ಹೆಸರನ್ನು ಕನ್ನಡದಲ್ಲಿ ಹೇಳಿದರೆ, 'ಅಟ್ಟದ ಮೇಲಿನ ನಮ್ಮ ಪ್ರೀತಿಯ ಪ್ರಭು'.