ಚಂಚಿ ಬಿಟ್ಟು ಸಿಂಗಪುರಕ್ಕೆ

ನಮಸ್ಕಾರ ಕೇಳುಗರೇ. ಸಿಂಗಪುರದ ಕಥೆಗಿಂತ ಮೊದಲು ನಮ್ಮ ಮಾವನವರ ಚಂಚಿಯ ಕಥೆ ಹೇಳಿಬಿಡುತ್ತೇನೆ. ಚಂಚಿ ಗೊತ್ತಲ್ವಾ, ಎಲೆ, ಅಡಿಕೆ, ಸುಣ್ಣ, ತಂಬಾಕು ಇಟ್ಟುಕೊಳ್ಳುವ ಬಟ್ಟೆಯ ಚೀಲ. ಮಾವನವರದು ಮೂರು ಅರೆಯದು. ದಾರ ಎಳೆದರೆ ಬಾಯಿ ಮುಚ್ಚುತ್ತದೆ. ಮೊದಲು ಯಾವ ಬಣ್ಣ ಇತ್ತೋ ಈಗ ಹೇಳಲು ಬರುವುದಿಲ್ಲ. ಹೊರಡುವ ಹಿಂದಿನ ರಾತ್ರಿ ನಾನು ಫೋನಿನಲ್ಲಿ ನೋಡುತ್ತಾ ಕೂತಿದ್ದೆ, ಏನು ಒಯ್ಯಬಹುದು, ಏನು ಒಯ್ಯಬಾರದು ಅಂತ. ಅಗಿಯುವ ತಂಬಾಕು ಸಿಂಗಪುರದಲ್ಲಿ ನಿಷೇಧ. ಉಗುಳಿದರೆ ದಂಡ. ಚೂಯಿಂಗ್ ಗಮ್ ಅಂತೂ 1992ರಿಂದಲೇ ಬಂದ್. ಇಷ್ಟನ್ನೂ ಓದಿ ಹೇಳಿದೆ. ಮಾವನವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾದ್ರ ಅಲ್ಲಿ ಮಂದಿ ಮಾಡೋದರ ಏನು?” ಅಂದರು.

ನಾವು ಹೋದವರು ಐದು ಜನ. ನಾನು, ನಮ್ಮ ಮನೆಯವರು, ಇಪ್ಪತ್ತು ತಿಂಗಳ ಮಗಳು, ಅತ್ತೆ, ಮಾವ. ನಾವಿರುವುದು ರಾಯಚೂರಿನಲ್ಲಿ. ಅತ್ತೆ ಮಾವ ಮಾನ್ವಿ ತಾಲ್ಲೂಕಿನ ಹಳ್ಳಿಯಲ್ಲಿ, ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದಲ್ಲಿ. ಈ ಕೊನೆ ಭಾಗ ಅನ್ನುವ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಮಗಳಿಗೆ ಎರಡು ತುಂಬುವುದರೊಳಗೆ ಹೋಗಿಬಿಡೋಣ ಅನ್ನುವುದು ನಮ್ಮ ಲೆಕ್ಕ. ಎರಡು ವರ್ಷದ ಒಳಗಿನ ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡು ಹೋಗಬಹುದು, ಟಿಕೆಟ್ ತೀರಾ ಕಡಿಮೆ. ಅದೇನೋ ಉಳಿತಾಯ ನಿಜ. ಆದರೆ ಹನ್ನೊಂದು ಕಿಲೋ ಕೂಸನ್ನು ನಾಲ್ಕೂವರೆ ಗಂಟೆ ತೊಡೆಯ ಮೇಲೆ ಇಟ್ಟುಕೊಂಡು ಕೂತ ಮೇಲೆ ನನಗೆ ಆ ಉಳಿತಾಯದ ಮೇಲೆ ಅಷ್ಟೇನೂ ಗೌರವ ಉಳಿದಿಲ್ಲ.

ಪಾಸ್‌ಪೋರ್ಟ್ ಮಾಡಿಸುವುದರಲ್ಲೇ ಅರ್ಧ ಜೀವ ಹೋಯಿತು. ಕೂಸಿನದು ಫೋಟೋ ತಕರಾರು. ಬಿಳಿ ಹಿನ್ನೆಲೆ ಬೇಕು, ಕಣ್ಣು ತೆರೆದಿರಬೇಕು, ಬಾಯಿ ಮುಚ್ಚಿರಬೇಕು. ಇಪ್ಪತ್ತು ತಿಂಗಳ ಕೂಸಿಗೆ ಇದನ್ನು ಹೇಳಿ ನೋಡಿ. ಮಾವನವರದು ಹುಟ್ಟಿದ ದಿನದ ತಕರಾರು. ಶಾಲೆಗೆ ಸೇರಿಸಿದಾಗ ಮಾಸ್ತರು ಜೂನ್ 1 ಅಂತ ಬರೆದಿದ್ದಾರೆ, ಆಧಾರ್‌ನಲ್ಲಿ ಜನವರಿ 1. ನಮ್ಮ ಕಡೆ ಆ ವಯಸ್ಸಿನವರೆಲ್ಲ ಈ ಎರಡು ದಿನಗಳಲ್ಲೇ ಹುಟ್ಟಿದವರು, ಅಲ್ವಾ? ಮನೆಯಲ್ಲಿ ಹಿರಿಯರಿದ್ದರೆ ಆಧಾರ್, ಪ್ಯಾನ್ ಎಲ್ಲದರಲ್ಲೂ ಹೆಸರು, ತಾರೀಖು ಒಂದೇ ಇದೆಯಾ ಅಂತ ಈಗಲೇ ನೋಡಿಕೊಳ್ಳಿ. ವೀಸಾ ಆಮೇಲಿನ ಮಾತು. ಅದು ಅಧಿಕೃತ ಏಜೆಂಟರ ಮೂಲಕ ಆಯಿತು, ಕೂಸಿಗೂ ಬೇರೆ ವೀಸಾ. ಇನ್ನೊಂದು, ಅರೈವಲ್ ಕಾರ್ಡ್ ಅಂತ ಆನ್‌ಲೈನ್‌ನಲ್ಲಿ ತುಂಬಬೇಕು, ಅಲ್ಲಿ ಇಳಿಯುವ ಮೂರು ದಿನದ ಒಳಗೆ. ಅದಕ್ಕೆ ಒಂದು ಪೈಸೆಯೂ ಇಲ್ಲ. ದುಡ್ಡು ಕೇಳುವ ವೆಬ್‌ಸೈಟ್ ತೆರೆದುಕೊಂಡರೆ ನೀವು ತಪ್ಪು ಜಾಗದಲ್ಲಿದ್ದೀರಿ ಅಂತ ತಿಳಿಯಿರಿ.

ಇನ್ನು ಅತ್ತೆಯವರ ಬುತ್ತಿ. ನಲವತ್ತು ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಅಗಸಿ ಹಿಂಡಿ, ಹುರಿದ ಅವಲಕ್ಕಿ. ಇಷ್ಟಕ್ಕೆ ಯಾರ ಅಡ್ಡಿಯೂ ಇಲ್ಲ. ಆದರೆ ಎರಡು ಇಡೀ ಒಣ ಕೊಬ್ಬರಿ ಬಟ್ಟಲೂ ಇದ್ದವು. ಅದರಲ್ಲಿ ಎಣ್ಣೆ ಜಾಸ್ತಿ, ಬೆಂಕಿಯ ಭಯ ಅಂತ ವಿಮಾನದ ಲಗೇಜಿಗೆ ಬಿಡುವುದಿಲ್ಲ. ಕರ್ಜಿಕಾಯಿಯಲ್ಲಿ ಗಸಗಸೆ ಇತ್ತು. ಗಸಗಸೆ ಅಫೀಮಿನ ಗಿಡದ ಬೀಜ, ಸಿಂಗಪುರದಲ್ಲಿ ಅದನ್ನು ಹಾಗೇ ಒಯ್ಯುವಂತಿಲ್ಲ. “ದೇವರಿಗೆ ಎಡೆ ಇಡೋದು ಅಫೀಮೇನು?” ಅಂತ ಅತ್ತೆ ಸಿಟ್ಟಾದರು. ಕರ್ಜಿಕಾಯಿ ಪಕ್ಕದ ಮನೆಯ ಮಕ್ಕಳ ಪಾಲಾಯಿತು. ಒಂದು ಪ್ಲಾಸ್ಟಿಕ್ ಮಗ್ ಮಾತ್ರ ನಾನೇ ಇಟ್ಟುಕೊಂಡೆ. ನಗಬೇಡಿ. ಅಲ್ಲಿನ ಹೋಟೆಲ್ ಬಚ್ಚಲಲ್ಲಿ ಬಕೆಟ್ಟೂ ಇರಲಿಲ್ಲ, ಮಗ್ಗೂ ಇರಲಿಲ್ಲ. ಐದು ದಿನ ಆ ಮಗ್ ನಮ್ಮ ಮಾನ ಕಾಯಿತು.

ನಮಗೆ ಹತ್ತಿರದ ದೊಡ್ಡ ವಿಮಾನ ನಿಲ್ದಾಣ ಅಂದರೆ ಹೈದರಾಬಾದ್. ಶಕ್ತಿನಗರ ದಾಟಿ, ಕೃಷ್ಣಾ ಸೇತುವೆ ದಾಟಿ, ಮಕ್ತಲ್, ಮೆಹಬೂಬ್‌ನಗರ, ಆಮೇಲೆ ಶಂಷಾಬಾದ್. ಮಾವನವರು ಶಂಷಾಬಾದಿನ ಬಾಗಿಲವರೆಗೂ ಎಲೆ ಅಡಿಕೆ ಹಾಕಿಕೊಂಡೇ ಬಂದರು. ಅಲ್ಲಿ ಇಳಿದು, ಬಾಯಿ ತೊಳೆದು, ಚಂಚಿಯನ್ನು ಡ್ರೈವರ್ ಕೈಗೆ ಕೊಟ್ಟರು. ಹೇಗೆ ಕೊಟ್ಟರು ಅಂದರೆ, ಹೊಲದ ಪತ್ರ ಕೊಟ್ಟ ಹಾಗೆ.

ಅತ್ತೆಯವರಿಗೆ ಮಂಡಿ ನೋವು. ವ್ಹೀಲ್‌ಚೇರ್ ಬೇಕು ಅಂತ ಟಿಕೆಟ್ ಮಾಡುವಾಗಲೇ ಹೇಳಿದ್ದೆವು. ಕುರ್ಚಿ ಬಂದು ನಿಂತಾಗ, “ನಾ ಏನು ಕುಂಟೇನು? ಕಾಲು ಗಟ್ಟಿ ಅದಾವ ನನ್ನವು” ಅಂತ ಮುಖ ತಿರುಗಿಸಿದರು. ಮೊಮ್ಮಗಳು ಓಡಿಹೋಗಿ ಅದರ ಮೇಲೆ ಹತ್ತಿ ಕೂತಳು. ಅವಳನ್ನು ಹಿಡಿದುಕೊಳ್ಳಲು ಅಂತ ಅತ್ತೆಯೂ ಕೂತರು. ಅಷ್ಟೇ, ಇಮಿಗ್ರೇಷನ್ ಸಾಲಿನಲ್ಲಿ ಎಲ್ಲರನ್ನೂ ದಾಟಿ ಮುಂದೆ ಹೋದ ಮೇಲೆ ಆ ಕುರ್ಚಿಯ ರುಚಿ ಹತ್ತಿತು. ಬರುವಾಗ ಅವರೇ “ನನ್ನ ಕುರ್ಚಿ ಎಲ್ಲಿ?” ಅಂತ ಕೇಳಿದರು.

ವಿಮಾನದಲ್ಲಿ ಒಂದು ತಪ್ಪು ನಾನೇ ಮಾಡಿದೆ. ವಿಮಾನ ಕೆಳಗೆ ಇಳಿಯುವಾಗ ಒತ್ತಡ ಬದಲಾಗಿ ಕಿವಿ ನೋಯುತ್ತದೆ, ಆಗ ಕೂಸು ಏನಾದರೂ ಕುಡಿಯುತ್ತಾ, ನುಂಗುತ್ತಾ ಇದ್ದರೆ ಕಿವಿ ಬಿಡುತ್ತದೆ ಅಂತ ಡಾಕ್ಟರು ಹೇಳಿದ್ದರು. ಆದರೆ ರಾತ್ರಿಯೆಲ್ಲ ಒದ್ದಾಡಿ ಈಗಷ್ಟೇ ಮಲಗಿದ್ದಳು. ಎಬ್ಬಿಸಲು ಮನಸ್ಸು ಬರಲಿಲ್ಲ. ಹತ್ತು ನಿಮಿಷಕ್ಕೆ ಕಿವಿ ಹಿಡಿದುಕೊಂಡು ಚೀರಿದಳು ನೋಡಿ, ನನಗೆ ಇವತ್ತಿಗೂ ಆ ದನಿ ಮರೆತಿಲ್ಲ. ಎಬ್ಬಿಸಿ, ಸ್ವಲ್ಪ ಅತ್ತರೂ ಪರವಾಗಿಲ್ಲ, ಎಬ್ಬಿಸಿ ಕುಡಿಸಿ.

ಬೆಳಿಗ್ಗೆ ಏಳಕ್ಕೆಲ್ಲ ಇಳಿದಿದ್ದೆವು. ಚಾಂಗಿ ವಿಮಾನ ನಿಲ್ದಾಣದ ಪಕ್ಕದಲ್ಲೇ ಜ್ಯೂಯಲ್ ಅಂತ ಒಂದು ಮಾಲ್ ಇದೆ, ಅದರೊಳಗೆ 40 ಮೀಟರ್ ಎತ್ತರದಿಂದ ನೀರು ಬೀಳುತ್ತದೆ. ಅದನ್ನು ನೋಡುವ ಸ್ಥಿತಿಯಲ್ಲಿ ನಾವು ಯಾರೂ ಇರಲಿಲ್ಲ. ನೇರ ಹೋಟೆಲ್‌ಗೆ ಹೋದೆವು. ರೂಮ್ ಮಧ್ಯಾಹ್ನ ಮೂರಕ್ಕೆ ಅಂದರು. ಬುಕ್ ಮಾಡುವಾಗ ನಾವು ಅದನ್ನು ಓದಿರಲೇ ಇಲ್ಲ. ಇಬ್ಬರೇ ಹೋಗಿದ್ದರೆ ಬ್ಯಾಗ್ ಇಟ್ಟು ಊರು ಸುತ್ತಬಹುದಿತ್ತು. ಈ ಪಟಾಲಂ ಕಟ್ಟಿಕೊಂಡು ಎಲ್ಲಿಗೆ ಹೋಗುವುದು? ಹಿಂದಿನ ರಾತ್ರಿಯದೂ ಬಾಡಿಗೆ ಕಟ್ಟಿ ರೂಮ್ ಹಿಡಿದಿಡಬೇಕಿತ್ತು ಅಂತ ಆಗ ಹೊಳೆಯಿತು.

ಲಾಬಿಯ ಮೂಲೆಯಲ್ಲಿ ಒಂದು ಉದ್ದ ಸೋಫಾ ಇತ್ತು. ಅತ್ತೆ ಬ್ಯಾಗಿನಿಂದ ಹಳೆ ಇಳಕಲ್ ಸೀರೆ ತೆಗೆದು ಹಾಸಿದರು. ಕೂಸನ್ನು ಪಕ್ಕಕ್ಕೆ ಹಾಕಿಕೊಂಡು, ಸೆರಗು ಮುಖದ ಮೇಲೆ ಎಳೆದುಕೊಂಡು ಮಲಗಿಯೇಬಿಟ್ಟರು. ಮಾವ ಕೂತಲ್ಲೇ ಗೊರಕೆ. ನಾವಿಬ್ಬರು ಎದುರಿಗೆ ಕೂತು ಫೋನಿನಲ್ಲಿದ್ದ ಪಟ್ಟಿ ನೋಡುತ್ತಿದ್ದೆವು. ಮೊದಲ ದಿನಕ್ಕೇ ನಾಲ್ಕು ಜಾಗ ಬರೆದುಕೊಂಡಿದ್ದೆವು. ಪಟ್ಟಿ ನೋಡುವುದು, ಮಲಗಿದವರನ್ನು ನೋಡುವುದು. ಆಗ ನನಗೆ ಅನ್ನಿಸಿತು, ಈ ಮೂವರದ್ದೂ ಒಂದೇ ಟೈಮ್ ಟೇಬಲ್ ಅಲ್ವಾ? ಹೊತ್ತಿಗೆ ಸರಿಯಾಗಿ ಊಟ ಬೇಕು. ಉಂಡ ಮೇಲೆ ಮಲಗಬೇಕು. ಹತ್ತು ಹೆಜ್ಜೆಗೆ ಒಮ್ಮೆ ಕೂರಬೇಕು. ಗಂಟೆಗೊಮ್ಮೆ ಬಚ್ಚಲು ಬೇಕು. ಅಜ್ಜ ಅಜ್ಜಿಗೂ ಕೂಸಿಗೂ ಹೊಂದಾಣಿಕೆ ಚೆನ್ನಾಗಿಯೇ ಇದೆ. ಇಡೀ ಗುಂಪಿನಲ್ಲಿ ಹೊಂದದವರು ಅಂದರೆ ನಾವಿಬ್ಬರೇ. ನಮ್ಮ ಮನೆಯವರು ಏನೂ ಮಾತಾಡದೆ ಪಟ್ಟಿಯಲ್ಲಿ ಮೂರು ಹೆಸರು ಅಳಿಸಿದರು.

ಅಲ್ಲಿಂದ ಮುಂದೆ ದಿನಕ್ಕೆ ಒಂದೇ ಜಾಗ. ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದಿದೆ, ಆದರೆ ಕೂಸನ್ನು ಅಲ್ಲಿನ ಹೊತ್ತಿಗೆ ತಿರುಗಿಸಲು ಹೋಗಲೇ ಇಲ್ಲ, ಐದು ದಿನಕ್ಕೆ ಯಾಕೆ ಆ ಗುದ್ದಾಟ ಅಂತ. ಬೆಳಿಗ್ಗೆ ಎಂಟೂವರೆಗೆ ಏಳುತ್ತಿದ್ದಳು, ಅಂದರೆ ನಮ್ಮ ಆರು ಗಂಟೆ. ಇದರಿಂದ ಒಂದು ಲಾಭವೂ ಆಯಿತು. ಗಾರ್ಡನ್ಸ್ ಬೈ ದ ಬೇ ಅನ್ನುವ ತೋಟದಲ್ಲಿ ಕಬ್ಬಿಣದ ದೊಡ್ಡ ದೊಡ್ಡ ಮರಗಳಿವೆ, ರಾತ್ರಿ 7.45ಕ್ಕೆ ಮತ್ತು 8.45ಕ್ಕೆ ಹಾಡಿನ ಜೊತೆ ದೀಪದ ಆಟ, ಟಿಕೆಟ್ ಇಲ್ಲ. ಬೇರೆಯವರ ಮಕ್ಕಳು ಹೆಗಲ ಮೇಲೆ ತೂಕಡಿಸುತ್ತಿದ್ದವು. ನಮ್ಮವಳಿಗೆ ಅದು ಸಂಜೆ ಆರೂಕಾಲು, ಕುಣಿದದ್ದೇ ಕುಣಿದದ್ದು.

ಬಿಸಿಲಿನ ಬಗ್ಗೆ ನಮಗೆ ಸೊಕ್ಕಿತ್ತು. ರಾಯಚೂರಿನವರಿಗೆ ಯಾರು ಬಿಸಿಲು ಹೇಳಿಕೊಡಬೇಕು? ಮೇ ತಿಂಗಳ ನಲವತ್ಮೂರು, ನಲವತ್ನಾಲ್ಕು ಕಂಡವರು. ಅಲ್ಲಿ ಬರೀ ಮೂವತ್ತೊಂದು. ಆದರೆ ನಮ್ಮದು ಒಣ ಬಿಸಿಲು, ನೆರಳಿಗೆ ಬಂದರೆ ಬೆವರು ಆರುತ್ತದೆ. ಅಲ್ಲಿ ಗಾಳಿಯಲ್ಲೇ ನೀರು, ಬೆವರು ಆರುವುದೇ ಇಲ್ಲ. ಅರ್ಧ ಗಂಟೆಗೆ ಮಾವನವರ ಅಂಗಿ ಹಿಂಡುವ ಹಾಗಾಯಿತು. “ಇದು ಬಿಸಿಲಲ್ಲವ್ವ, ಇಡ್ಲಿ ಪಾತ್ರಿ” ಅಂದರು. ಸಂಕ್ರಾಂತಿ ಮುಗಿಸಿಕೊಂಡು ಹೋಗಿದ್ದೆವು, ಅದು ಅಲ್ಲಿ ಮಳೆಯ ಕಾಲ ಬೇರೆ. ಹನ್ನೊಂದರಿಂದ ನಾಲ್ಕರವರೆಗೆ ರೂಮ್ ಬಿಟ್ಟು ಕದಲಲಿಲ್ಲ.

ಮೆಟ್ರೋ ಮಾತ್ರ ಬಹಳ ಅನುಕೂಲ. ನಾವು ಹತ್ತಿದ ಸ್ಟೇಷನ್ನುಗಳಲ್ಲೆಲ್ಲ ಲಿಫ್ಟ್ ಇತ್ತು, ಕೂಸಿನ ಗಾಡಿ ಸಲೀಸಾಗಿ ಹೋಗುತ್ತದೆ, 90 ಸೆಂಟಿಮೀಟರಿಗಿಂತ ಗಿಡ್ಡ ಇರುವ ಮಕ್ಕಳಿಗೆ ಟಿಕೆಟ್ ಇಲ್ಲ. ಒಳಗೆ ತಿನ್ನುವಂತಿಲ್ಲ, ಕುಡಿಯುವಂತಿಲ್ಲ, ದಂಡ 500 ಡಾಲರ್‌ವರೆಗೆ. ಅತ್ತೆ ಬಿಸ್ಕೀಟ್ ಪೊಟ್ಟಣ ತೆಗೆದಿದ್ದರು, ಎದುರಿಗೆ ಕೂತ ಹೆಂಗಸು ನಕ್ಕು ಗೋಡೆಯ ಮೇಲಿನ ಚಿತ್ರ ತೋರಿಸಿದಳು. ಅಷ್ಟರಲ್ಲೇ ಬಚಾವಾದೆವು. ಟ್ಯಾಕ್ಸಿಯಲ್ಲಾದರೆ ಮಗುವಿನ ಸೀಟ್ ಇಲ್ಲದಿದ್ದರೂ ನಡೆಯುತ್ತದೆ, ಆಪ್‌ನಲ್ಲಿ ಕರೆಯುವ ಖಾಸಗಿ ಕಾರಿಗೆ ಅದು ಕಡ್ಡಾಯ.

ನಮ್ಮ ದೇಶದವರ ಅಂಗಡಿಗಳಿರುವ ಸೆರಂಗೂನ್ ರಸ್ತೆಗೆ ಹೋದ ದಿನ ಅತ್ತೆಗೆ ಜೀವ ಬಂತು. ಬೋರ್ಡುಗಳೆಲ್ಲ ತಮಿಳು, ಮಲ್ಲಿಗೆ ಹೂವಿನ ಮಾಲೆ, ಶ್ರೀನಿವಾಸ ಪೆರುಮಾಳ್ ಗುಡಿ. ಮಾನ್ವಿಯ ತೆಲುಗಿನಲ್ಲೇ ಹೂವಿನವನ ಜೊತೆ ಚೌಕಾಸಿಗೆ ನಿಂತರು. ಅವನದು ತಮಿಳು, ಇವರದು ತೆಲುಗು, ವ್ಯಾಪಾರ ಕುದುರಿತು. 1947ರಿಂದ ನಡೆಯುತ್ತಿರುವ ಕೋಮಲ ವಿಲಾಸ್‌ನಲ್ಲಿ ಅನ್ನ ಸಾರು ಉಂಡೆವು. ಮಾವನವರು ಒಂದು ಅಂಗಡಿಯಲ್ಲಿ ವೀಳ್ಯದೆಲೆ ಕಂಡು ಐದು ನಿಮಿಷ ಸುಮ್ಮನೆ ನೋಡುತ್ತಾ ನಿಂತಿದ್ದರು, ಊರಿನವರು ಯಾರೋ ಸಿಕ್ಕ ಹಾಗೆ. ಮೃಗಾಲಯಕ್ಕೂ ಹೋದೆವು, ಟ್ರಾಮ್ ಇದೆ, ಒರಾಂಗುಟಾನ್ ಇವೆ. ಮಗಳು ಅಷ್ಟನ್ನೂ ಬಿಟ್ಟು ಒಂದು ಪಾರಿವಾಳದ ಹಿಂದೆ ಓಡಿದಳು.

ಇಡೀ ಪ್ರವಾಸದಲ್ಲಿ ನನಗೆ ನೆನಪಿರುವುದು ಪಟ್ಟಿಯಲ್ಲೇ ಇಲ್ಲದ ಜಾಗ. ಕೂಸಿಗೆ ಓಡಾಡಲು ಬಯಲು ಎಲ್ಲಿದೆ ಅಂತ ಕೇಳಿದಾಗ ಹೋಟೆಲಿನವರು ಮರೀನಾ ಬ್ಯಾರೇಜ್‌ಗೆ ಹೋಗಿ ಅಂದರು. ಕಟ್ಟಡದ ಮಾಳಿಗೆಯ ಮೇಲೆಲ್ಲ ಹುಲ್ಲು, ಜನ ಗಾಳಿಪಟ ಹಾರಿಸುತ್ತಿದ್ದರು. ಮಗಳನ್ನು ಬಿಟ್ಟೆವು, ಓಡಿದಳು. ಮಾವನವರು ಮಾತ್ರ ಕೆಳಗೆ ನೀರಿನ ಕಡೆ ನೋಡುತ್ತಿದ್ದರು. “ಇದು ಡ್ಯಾಮ್ ಅಲ್ಲೇನು?”

ಹೌದು, ಡ್ಯಾಮೇ. ಕಡಲು ಸೇರುವ ಜಾಗಕ್ಕೆ 350 ಮೀಟರ್ ಉದ್ದದ ಒಡ್ಡು ಕಟ್ಟಿ ಮಳೆ ನೀರನ್ನು ಒಳಗೆ ಹಿಡಿದಿದ್ದಾರೆ, ಉಪ್ಪು ನೀರನ್ನು ಹೊರಗೆ ತಡೆದಿದ್ದಾರೆ. 2008ರಲ್ಲಿ ಶುರುವಾದದ್ದು. ದೊಡ್ಡ ನದಿ ಇಲ್ಲದ, ಕುಡಿಯುವ ನೀರನ್ನು ಪಕ್ಕದ ಮಲೇಷ್ಯಾದಿಂದಲೂ ಕೊಳ್ಳುವ ಊರು ಅದು. ಮಾವನವರು ಬೆರಳು ಚಾಚಿ ಗೇಟ್ ಎಣಿಸಿದರು. ಒಂಬತ್ತು. “ನಮ್ಮ ತುಂಗಭದ್ರಾಕ್ಕ 33 ಅದಾವ” ಅಂದರು, ಸ್ವಲ್ಪ ಹೆಮ್ಮೆಯಿಂದಲೇ. ಆಮೇಲೆ ಸುಮ್ಮನಾದರು. 2024ರ ಆಗಸ್ಟ್ 10ರ ರಾತ್ರಿ ಸರಪಳಿ ತುಂಡಾಗಿ 19ನೇ ಗೇಟ್ ಕೊಚ್ಚಿ ಹೋದಾಗ ಇದೇ ಮನುಷ್ಯ ಊಟ ಬಿಟ್ಟು ಟಿವಿ ಮುಂದೆ ಕೂತಿದ್ದರು. ಕಾಲುವೆಯ ಕೊನೆ ಭಾಗದ ರೈತರಿಗೆ ತುಂಬಿದ ಡ್ಯಾಮಿನಿಂದಲೂ ನೀರು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಇನ್ನು ಖಾಲಿಯಾದ ಡ್ಯಾಮಿನ ಮಾತೇನು?

“ಇಲ್ಲಿ ಸರಪಳಿ ಎಲ್ಲದ?” ಅಂತ ಕೇಳಿದರು. ನಮ್ಮ ಮನೆಯವರು ಒಳಗೆ ಹೋಗಿ ಓದಿಕೊಂಡು ಬಂದರು. ಸರಪಳಿ ಇಲ್ಲ. ಗೇಟಿನ ಬುಡಕ್ಕೆ ಕೀಲು, ಎತ್ತುವುದಕ್ಕೆ ಹೈಡ್ರಾಲಿಕ್ ಯಂತ್ರ. ನೀರು ಬಿಡಬೇಕಾದರೆ ಗೇಟ್ ಮೇಲಕ್ಕೆ ಏಳುವುದಿಲ್ಲ, ಕೆಳಕ್ಕೆ ಮಲಗುತ್ತದೆ. ಕಡಲು ಉಬ್ಬಿದ ಹೊತ್ತಿನಲ್ಲಿ ಜೋರು ಮಳೆ ಬಂದರೆ ಗೇಟ್ ಮುಚ್ಚಿಟ್ಟು ಏಳು ದೊಡ್ಡ ಪಂಪುಗಳಿಂದ ನೀರನ್ನು ಹೊರಗೆ ಹಾಕುತ್ತಾರೆ. ಮಾವನವರು ಅಂಗೈಯನ್ನು ಗೇಟ್ ಮಾಡಿಕೊಂಡು ಮಲಗಿಸುವುದು, ಎಬ್ಬಿಸುವುದು, ಮತ್ತೆ ಮಲಗಿಸುವುದು. ಮೊಮ್ಮಗಳು ಬಂದು ಆ ಕೈ ಹಿಡಿದು ನೇತಾಡಿದಳು. ಅವಳಿಗೆ ಅದೇ ಆಟ. ಒಂದೂವರೆ ಗಂಟೆ ಅಲ್ಲಿಂದ ಯಾರೂ ಅಲುಗಾಡಲಿಲ್ಲ.

ಶಂಷಾಬಾದಿನಲ್ಲಿ ಡ್ರೈವರ್ ಚಂಚಿ ಹಿಡಿದುಕೊಂಡೇ ನಿಂತಿದ್ದ. ಎಲೆ ಒಣಗಿತ್ತು. ಮಾವನವರು ಅಡಿಕೆ ಒಂದನ್ನೇ ಬಾಯಿಗೆ ಹಾಕಿಕೊಂಡು ಗೇಟಿನ ವಿಷಯ ಶುರುಮಾಡಿದವರು, ಕೃಷ್ಣಾ ಸೇತುವೆ ಬಂದರೂ ಮುಗಿಸಿರಲಿಲ್ಲ. ಊರಲ್ಲಿ ಕಟ್ಟೆಯ ಮೇಲೆ ಯಾರೋ ಕೇಳಿದರಂತೆ, ಮೂರು ಗೋಪುರದ ಮೇಲೆ ಹಡಗು ಇಟ್ಟಂತೆ ಒಂದು ಹೋಟೆಲ್ ಇದೆಯಂತಲ್ಲ, ಅದನ್ನು ನೋಡಿದಿರೇನು ಅಂತ.

“ನೋಡೀನಿ. ಅದು ಡ್ಯಾಮಿನ ಹಿಂದ ಬರ್ತದ” ಅಂದರಂತೆ.